ಹಕ್ಕಿ ಫೋಟೋಗೆ ಆಯಿಲ್ ಪೇಂಟ್ ಫಿಲ್ಟರ್ ಹಾಕಿದ್ರೆ ಹಿನ್ನೆಲೆ ತುಂಬ ಹುಳ ಹರಿದ ಹಾಗೆ ಕಾಣುತ್ತೆ, ಏನ್ಮಾಡೋದು?

ಕೆರೆಯಂಗಳ:
ಗದ್ದೆ ಮಿಂಚುಳ್ಳಿಯ ಫೋಟೋ. ಐಎಸ್‌ಒ 1600, ಕ್ರಾಪ್ ಆದ ಮೇಲೆ 3600×2400 ಪಿಕ್ಸೆಲ್. ಹಕ್ಕಿ ಒಣಕೊಂಬೆ ಮೇಲೆ, ಹಿಂದೆ ಪೂರ್ತಿ ಮಸುಕಾದ ಹಸಿರು. 18×12 ಇಂಚಿನ ಕ್ಯಾನ್ವಾಸ್ ಪ್ರಿಂಟಿಗೆ ತೈಲವರ್ಣದ ಥರ ಮಾಡಬೇಕು. ಫೋಟೋಶಾಪಿನ ಆಯಿಲ್ ಪೇಂಟ್‌ನಲ್ಲಿ ಕೊಟ್ಟಿರೋ ಅಳತೆ: ಸ್ಟೈಲೈಸೇಶನ್ 6, ಕ್ಲೀನ್‌ಲಿನೆಸ್ 5, ಸ್ಕೇಲ್ 1, ಬ್ರಿಸಲ್ ಡೀಟೇಲ್ 6, ಶೈನ್ 2.

ಮೂರು ತೊಂದರೆ ಇದೆ. ಹಿನ್ನೆಲೆಯಲ್ಲಿ ಹೆಬ್ಬೆಟ್ಟಿನ ಗುರುತಿನ ಹಾಗೆ ಸುರುಳಿ ಸುರುಳಿ ಗೀಟು, ಒಳ್ಳೆ ಹುಳ ಹರಿದ ಹಾಗೆ. ತಲೆ ಸುತ್ತ ಒಂದು ಬೆಳ್ಳನೆ ಗೆರೆ. ಕಣ್ಣು ಸತ್ತೇಹೋಗಿದೆ, ಹೊಳಪೇ ಇಲ್ಲ. ಸ್ಲೈಡರ್ ಎಷ್ಟು ಎಳೆದಾಡಿದ್ರೂ ಒಂದು ಸರಿ ಆದ್ರೆ ಇನ್ನೊಂದು ಕೆಡುತ್ತೆ. ಯಾವ ಸ್ಲೈಡರ್ ಎಷ್ಟಿಡಬೇಕು?

ಗರಿಗಣಿತ:
ಮೂರೂ ಸ್ಲೈಡರಿನ ತಪ್ಪಲ್ಲ. ಫಿಲ್ಟರಿಗೆ ಕೊಡೋ ಮೊದಲು ಫೋಟೋ ಹೇಗಿತ್ತು ಅನ್ನೋದ್ರಲ್ಲಿ ಸಮಸ್ಯೆ ಇದೆ.

ಈ ಫಿಲ್ಟರಿಗೆ ಹಕ್ಕಿ ಯಾವುದು, ಎಲೆ ಯಾವುದು ಗೊತ್ತಿಲ್ಲ. ಪ್ರತಿ ಚುಕ್ಕೆಯಲ್ಲೂ ಬೆಳಕು ಯಾವ ದಿಕ್ಕಿಗೆ ಹೆಚ್ಚು ಬದಲಾಗ್ತಿದೆ ನೋಡುತ್ತೆ, ಆಮೇಲೆ ಅದಕ್ಕೆ ಅಡ್ಡಲಾಗಿ, ಅಂದ್ರೆ ಅಂಚಿನ ಉದ್ದಕ್ಕೂ, ಕುಂಚ ಎಳೆಯುತ್ತೆ. ರೆಕ್ಕೆಯಲ್ಲಿ ಗರಿಯ ಅಂಚು ಸ್ಪಷ್ಟವಾಗಿರೋದ್ರಿಂದ ಕುಂಚ ಗರಿಯ ಉದ್ದಕ್ಕೇ ಹೋಗುತ್ತೆ, ನೋಡೋಕೆ ಚೆನ್ನ. ಮಸುಕಾದ ಹಸಿರಿನಲ್ಲಿ ಅಂಚೇ ಇಲ್ವಲ್ಲ? ಅಲ್ಲಿ ಉಳಿದಿರೋದು ಐಎಸ್‌ಒ 1600ರ ಕಾಳುಕಾಳು ನಾಯ್ಸ್ ಮಾತ್ರ. ಫಿಲ್ಟರ್ ಆ ಕಾಳನ್ನೇ ಅಂಚು ಅಂತ ನಂಬಿ ಅದರ ಸುತ್ತ ಕುಂಚ ತಿರುಗಿಸುತ್ತೆ. ನಿಮ್ಮ ಹುಳ ಹುಟ್ಟಿದ್ದು ಅಲ್ಲಿ. ಬ್ರಿಸಲ್ ಡೀಟೇಲ್ 6 ಇಟ್ಟಿರೋದು ಅದಕ್ಕೆ ಗೊಬ್ಬರ ಹಾಕಿದ ಹಾಗೆ.

ಬೆಳ್ಳನೆ ಗೆರೆ ಶಾರ್ಪನಿಂಗ್‌ದು. ಕ್ಯಾಮೆರಾ ರಾ (ಕ್ಯಾಮೆರಾದ ಮೂಲ ರಾ ಫೈಲನ್ನ ಫೋಟೋಶಾಪಿಗೆ ತೆರೆದುಕೊಡೋ ಭಾಗ) ತಾನಾಗೇ ರಾ ಫೈಲಿಗೆ ಶಾರ್ಪನಿಂಗ್ 40 ಹಾಕಿರುತ್ತೆ, ಅದರ ಮೇಲೆ ನೀವೂ ಸ್ವಲ್ಪ ಹಾಕಿರ್ತೀರಿ. ಒಂದೆರಡು ಪಿಕ್ಸೆಲ್ ಅಗಲದ ಆ ತೆಳು ಗೆರೆ ಫೋಟೋದಲ್ಲಿ ಕಣ್ಣಿಗೆ ಬೀಳೋದೇ ಇಲ್ಲ. ಫಿಲ್ಟರ್ ಅದನ್ನೂ ಒಂದು ವಸ್ತು ಅಂತ ತಿಳಿದು ದಪ್ಪ ಬಣ್ಣದಲ್ಲಿ ಬರೀತದೆ. ಕಣ್ಣಿಂದೂ ಇದೇ ಕಥೆ: ಹೊಳಪಿನ ಚುಕ್ಕೆ 5–6 ಪಿಕ್ಸೆಲ್, ನಿಮ್ಮ ಸ್ಟ್ರೋಕ್ ಅದಕ್ಕಿಂತ ಅಗಲ. ಪಕ್ಕದ ಕಪ್ಪು ಬಂದು ಅದನ್ನ ನುಂಗಿಬಿಡುತ್ತೆ.

ಬಿಳಿಕೊಕ್ಕರೆ:
ಮೇಲಿನವರು ಕಾರಣ ಹೇಳಿದ್ರು, ನಾನು ಕೆಲಸದ ಕ್ರಮ ಹೇಳ್ತೀನಿ. ಹಕ್ಕಿಗೂ ಹಿನ್ನೆಲೆಗೂ ಒಂದೇ ಸಲ, ಒಂದೇ ಅಳತೆಯಲ್ಲಿ ಫಿಲ್ಟರ್ ಹಾಕಬಾರದು. ಇದೊಂದು ಪಾಲಿಸಿದ್ರೆ ಉಳಿದಿದ್ದು ತಿದ್ದೋದು ಕಷ್ಟ ಇಲ್ಲ.

ಮೊದಲು ಕ್ಯಾಮೆರಾ ರಾ. ಶಾರ್ಪನಿಂಗ್ ಸೊನ್ನೆ. ಟೆಕ್ಸ್ಚರ್, ಕ್ಲ್ಯಾರಿಟಿ, ಡಿಹೇಜ್ ಎಲ್ಲ ಸೊನ್ನೆ. ನಾಯ್ಸ್ ಮಾತ್ರ ಧೈರ್ಯವಾಗಿ ತೆಗೀರಿ; ಮಾಮೂಲಿ ಫೋಟೋದಲ್ಲಿ ಗರಿ ಮೇಣದ ಹಾಗಾಗುತ್ತೆ ಅಂತ ಹೆದರ್ತೀವಲ್ಲ, ಇಲ್ಲಿ ಆ ಹೆದರಿಕೆ ಬೇಡ. ಗಂಟಲು, ಎದೆಯ ಬಿಳಿ ಎಲ್ಲಾದ್ರೂ 255, ಅಂದ್ರೆ ಪೂರ್ತಿ ಬಿಳಿ, ಮುಟ್ಟಿದೆಯಾ ನೋಡಿ, ಹೈಲೈಟ್ಸ್ ಇಳಿಸಿ 240ರ ಆಸುಪಾಸಿಗೆ ತನ್ನಿ. ಪೂರ್ತಿ ಸುಟ್ಟ ಬಿಳಿಯಲ್ಲಿ ಕುಂಚಕ್ಕೆ ಹಿಡಿಯೋಕೆ ಏನೂ ಸಿಗಲ್ಲ, ಸುಣ್ಣ ಬಳಿದ ತೇಪೆ ಥರ ಉಳಿಯುತ್ತೆ. ಬೆಳ್ಳಕ್ಕಿ ಫೋಟೋಗಳು ಕೆಡೋದು ಹೆಚ್ಚಾಗಿ ಹೀಗೇ. ಕಾಜಾಣ, ಕಾಗೆಗೆ ಇದರ ಉಲ್ಟಾ: ಶ್ಯಾಡೋಸ್ 30–40 ಎತ್ತದೇ ಹೋದ್ರೆ ಕರಿ ಮುದ್ದೆ.

ಎರಡನೇದು ಅಳತೆ. ಪ್ರಿಂಟ್ ಎಷ್ಟು ಪಿಕ್ಸೆಲ್ ಬೇಕೋ ಅಷ್ಟಕ್ಕೆ ಮೊದಲೇ ತಂದುಬಿಡಿ. 18×12ಕ್ಕೆ ಇಂಚಿಗೆ 200ರ ಲೆಕ್ಕದಲ್ಲಿ 3600×2400, ನಿಮ್ಮದು ಸರಿಯಾಗಿ ಅಷ್ಟೇ ಇದೆ, ಕ್ಯಾನ್ವಾಸ್‌ಗೆ 200 ಸಾಕು. ಸ್ಟ್ರೋಕಿನ ದಪ್ಪ ಇಂಚಿನ ಲೆಕ್ಕದಲ್ಲಿ ಇರಲ್ಲ, ಪಿಕ್ಸೆಲ್ ಲೆಕ್ಕದಲ್ಲಿ ಇರುತ್ತೆ. ಅದೇ ಸೆಟ್ಟಿಂಗ್ 1080 ಪಿಕ್ಸೆಲಿನ ಇನ್‌ಸ್ಟಾಗ್ರಾಂ ಪ್ರತಿಯಲ್ಲಿ ಗೋಡೆಗೆ ಬಣ್ಣ ಹೊಡೆಯೋ ಬ್ರಶ್, 6000 ಪಿಕ್ಸೆಲಿನಲ್ಲಿ ಕೂದಲೆಳೆ. ಹಾಗಾಗಿ ಯಾರಾದ್ರೂ "ನಂದು ಸ್ಟೈಲೈಸೇಶನ್ 4, ಸ್ಕೇಲ್ 0.8" ಅಂದ್ರೆ ಫೈಲ್ ಎಷ್ಟು ದೊಡ್ಡದು ಅಂತ ಕೇಳದೆ ನಕಲು ಮಾಡಬೇಡಿ. ನಾನು ಕೆಳಗೆ ಕೊಡೋ ಸಂಖ್ಯೆಗಳೆಲ್ಲ 3600 ಅಗಲಕ್ಕೆ.

ಮೂರನೇದು, ಎಲ್ಲರೂ ಬಿಡೋ ಹೆಜ್ಜೆ. ಸೆಲೆಕ್ಟ್ ಸಬ್ಜೆಕ್ಟ್ ಒತ್ತಿ, ಕೊಂಬೆಯನ್ನೂ ಸೇರಿಸಿ, ಸೆಲೆಕ್ಷನ್ ಉಳಿಸಿಕೊಳ್ಳಿ. ಲೇಯರ್ ಎರಡು ಪ್ರತಿ ಮಾಡಿ. ಕೆಳಗಿನ ಪ್ರತಿಯಲ್ಲಿ ಸೆಲೆಕ್ಷನ್ನನ್ನ 15–20 ಪಿಕ್ಸೆಲ್ ಹಿಗ್ಗಿಸಿ ಕಂಟೆಂಟ್ ಅವೇರ್ ಫಿಲ್ ಕೊಟ್ಟು ಹಕ್ಕಿಯನ್ನೇ ತೆಗೆದುಬಿಡಿ. ಬರೀ ಹಸಿರು ಉಳೀಬೇಕು. ಒರಟಾಗಿದ್ರೂ ಪರವಾಗಿಲ್ಲ, ಮೇಲೆ ಹಕ್ಕಿ ಕೂರುತ್ತೆ. ಹೀಗೆ ಮಾಡದಿದ್ರೆ ಹಿನ್ನೆಲೆಯ ದಪ್ಪ ಕುಂಚ ಹಕ್ಕಿಯ ಅಂಚಿನ ಕಂದು, ನೀಲಿಯನ್ನ ಎಳೆದು ಹಸಿರಿಗೆ ಮೆತ್ತುತ್ತೆ. ಮಾಸ್ಕ್ (ಲೇಯರಿನ ಯಾವ ಭಾಗ ಕಾಣಬೇಕು, ಯಾವುದು ಮುಚ್ಚಬೇಕು ಅನ್ನೋ ಪರದೆ) ಎಷ್ಟೇ ಚೊಕ್ಕ ಇದ್ದರೂ ಹಕ್ಕಿ ಸುತ್ತ ಕೊಳಕು ನೆರಳು ಉಳಿಯೋದು ಇದರಿಂದ.

ಈ ಹಕ್ಕಿ ಇಲ್ಲದ ಹಸಿರಿಗೆ ಮೊದಲು ಗಾಸಿಯನ್ ಬ್ಲರ್ 6–8 ಪಿಕ್ಸೆಲ್. ಉಳಿದ ನಾಯ್ಸ್ ಸಾಯುತ್ತೆ, ದೊಡ್ಡ ದೊಡ್ಡ ಬೆಳಕಿನ ಪಟ್ಟೆ ಮಾತ್ರ ಉಳಿಯುತ್ತೆ. ಆಮೇಲೆ ಆಯಿಲ್ ಪೇಂಟ್: ಸ್ಟೈಲೈಸೇಶನ್ 8–9, ಕ್ಲೀನ್‌ಲಿನೆಸ್ 8, ಸ್ಕೇಲ್ 4ರಿಂದ 6, ಬ್ರಿಸಲ್ ಡೀಟೇಲ್ 0–1, ಲೈಟಿಂಗ್ ಟಿಕ್ ತೆಗೆದುಬಿಡಿ. ಹುಳ ಹೋಗಿ ಅಗಲವಾದ ಮೃದು ಸ್ಟ್ರೋಕ್ ಬರುತ್ತೆ.

ಮೇಲಿನ ಹಕ್ಕಿ ಲೇಯರಿಗೆ ಮಾಸ್ಕ್ ಹಾಕಿ, ಅಂಚು 1.5 ಪಿಕ್ಸೆಲ್ ಮೃದು ಮಾಡಿ. ಇಲ್ಲಿ ಸ್ಟೈಲೈಸೇಶನ್ 2.5, ಕ್ಲೀನ್‌ಲಿನೆಸ್ 2, ಸ್ಕೇಲ್ 0.4, ಬ್ರಿಸಲ್ 2, ಶೈನ್ 0.5. ಇದಕ್ಕಿಂತ ಮೇಲೆ ಹೋದ್ರೆ ರೆಕ್ಕೆಯ ಮುಚ್ಚುಗರಿಗಳು ಒಂದಕ್ಕೊಂದು ಬೆಸೆದುಕೊಂಡು ಪ್ಲಾಸ್ಟಿಕ್ ಹಕ್ಕಿ ಆಗುತ್ತೆ. ಅದರ ಮೇಲೆ ಫಿಲ್ಟರ್ ಇಲ್ಲದ ಮೂಲ ಹಕ್ಕಿಯ ಇನ್ನೊಂದು ಪ್ರತಿ ಇಟ್ಟು, ಕರಿ ಮಾಸ್ಕ್ ಕೊಟ್ಟು, ಬಿಳಿ ಬ್ರಶ್ಶಿನಲ್ಲಿ ಕಣ್ಣು ಪೂರ್ತಿ, ಕೊಕ್ಕಿನ ಅಂಚು 60%, ಉಗುರು 50% ವಾಪಸ್ ತನ್ನಿ. ಕಣ್ಣಿನ ಸುತ್ತಲ ಬರಿ ಚರ್ಮದ ಉಂಗುರವನ್ನೂ ಬಿಡಬೇಡಿ, ಅದು ಹೋದ್ರೆ ಹಕ್ಕಿ ಗಾಬರಿ ಬಿದ್ದ ಹಾಗೆ ಕಾಣುತ್ತೆ.

ಕೆರೆಯಂಗಳ:
ಹಕ್ಕಿ ತೆಗೆದು ಹಿನ್ನೆಲೆ ಮಾಡೋದು ಗೊತ್ತೇ ಇರಲಿಲ್ಲ. ಹುಳ ಹೋಯ್ತು, ಬೆಳ್ಳನೆ ಗೆರೆನೂ ಹೋಯ್ತು. ಎರಡು ಪ್ರಶ್ನೆ. ಎಲ್ಲಾನೂ ಒಂದೇ ಸ್ಮಾರ್ಟ್ ಆಬ್ಜೆಕ್ಟಿನಲ್ಲಿ (ಮೂಲ ಕೆಡದ ಹಾಗೆ ಫಿಲ್ಟರ್ ಹಾಕೋ ಲೇಯರ್) ಇಟ್ಟು ಎರಡು ಆಯಿಲ್ ಪೇಂಟ್ ಹಾಕಿ ಬೇರೆ ಬೇರೆ ಮಾಸ್ಕ್ ಕೊಡೋಕೆ ಆಗಲ್ವಾ? ಮತ್ತೆ ಲ್ಯಾಪ್‌ಟಾಪಿನಲ್ಲಿ ಅದೇ ಫೈಲ್ ತೆರೆದ್ರೆ ಡ್ರೈ ಬ್ರಶ್, ವಾಟರ್‌ಕಲರ್ ಇರೋ ಫಿಲ್ಟರ್ ಗ್ಯಾಲರಿ ಮೆನುನಲ್ಲಿ ಬೂದಿ ಬಣ್ಣದಲ್ಲಿದೆ, ಒತ್ತೋಕೇ ಆಗ್ತಿಲ್ಲ.

ಕಡಲಕಾಗೆ:
ಒಂದು ಸ್ಮಾರ್ಟ್ ಆಬ್ಜೆಕ್ಟಿಗೆ ಫಿಲ್ಟರ್ ಹತ್ತು ಹಾಕಿ ಮಾರಾಯ್ರೆ, ಮಾಸ್ಕ್ ಮಾತ್ರ ಒಂದೇ. ಎಲ್ಲ ಫಿಲ್ಟರಿಗೂ ಅದೇ ಅನ್ವಯ. ಬೇರೆ ಬೇರೆ ಮಾಸ್ಕ್ ಬೇಕಿದ್ರೆ ಲೇಯರ್ ಮೇಲೆ ಬಲಗಡೆ ಒತ್ತಿ ನ್ಯೂ ಸ್ಮಾರ್ಟ್ ಆಬ್ಜೆಕ್ಟ್ ವಯಾ ಕಾಪಿ ಮಾಡಿ. ಸುಮ್ಮನೆ ಕಂಟ್ರೋಲ್-ಜೆ ಮಾಡಿದ ಪ್ರತಿ ಒಳಗಿಂದ ಮೂಲಕ್ಕೇ ಕಟ್ಟಿಕೊಂಡಿರ್ತದೆ. ಅಂಥದ್ದನ್ನ ತೆರೆದು ಒಳಗಿನ ಹಕ್ಕಿ ಅಳಿಸಿದ್ರೆ ಮೇಲಿನದ್ದರಲ್ಲೂ ಹಕ್ಕಿ ಹಾರಿಹೋಗ್ತದೆ!

ಬೂದಿ ಬಣ್ಣಕ್ಕೆ ಕಾರಣ ನಿಮ್ಮ ಫೈಲ್ 16 ಬಿಟ್ ಇರಬೇಕು. ಫಿಲ್ಟರ್ ಗ್ಯಾಲರಿ 8 ಬಿಟ್ಟಿಗೆ ಮಾತ್ರ. ಇಮೇಜ್ ಮೆನು, ಮೋಡ್, 8 ಬಿಟ್ಸ್. ಮೂಲ ಫೈಲನ್ನ ಬದಲಾಯಿಸಬೇಡಿ, ಪ್ರತಿ ಮಾಡಿ. 8 ಬಿಟ್ಟಿಗೆ ಇಳಿದ ಮೇಲೆ ಮಸುಕು ಹಸಿರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬರುವ ಸಂಭವ ಉಂಟು. ಸ್ಟ್ರೋಕ್ ಬಿದ್ದ ಮೇಲೆ ಮುಚ್ಚಿಹೋಗ್ತದೆ, ಆದ್ರೆ ಬಣ್ಣ ತಿದ್ದುವ ಕೆಲಸ ಎಲ್ಲ ಅದಕ್ಕೂ ಮೊದಲೇ ಮುಗಿಸಿ.

ಆಯಿಲ್ ಪೇಂಟೇ ಬೂದಿಯಾದ್ರೆ ಅದು ಬೇರೆ ರೋಗ. ಒಂದೋ ಫೈಲ್ ಸಿಎಂವೈಕೆ ಅಥವಾ ಲ್ಯಾಬ್ ಮೋಡಿನಲ್ಲಿದೆ, ಇಲ್ಲದಿದ್ರೆ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಒಳಗೆ ಗ್ರಾಫಿಕ್ಸ್ ಪ್ರೊಸೆಸರ್ ಟಿಕ್ ಇಲ್ಲ. ಹಳೇ ವರ್ಶನ್ ಇಟ್ಟುಕೊಂಡವರು ಇನ್ನೊಂದು ನೆನಪಿಡಿ: ಈ ಫಿಲ್ಟರ್ ಸಿಎಸ್6ರಲ್ಲಿ, ಅಂದ್ರೆ 2012ರಲ್ಲಿ ಬಂತು, ಸಿಸಿ 2014ರಲ್ಲಿ ತೆಗೆದುಹಾಕಿದ್ರು, ಆಮೇಲೆ ಪುನಃ ತಂದ್ರು. 2014ರದ್ದಿದ್ರೆ ಎಲ್ಲಿ ಹುಡುಕಿದ್ರೂ ಸಿಗುದಿಲ್ಲ.

ಮಿಂಚುಬಾಲ:
ಬಿಳಿಕೊಕ್ಕರೆಯವರ ಕ್ರಮ ಸರಿ ಇದೆ, ಆದರೂ ಹಕ್ಕಿಯ ಮೈ ಮೇಲೆ ಫಿಲ್ಟರೊಂದೇ ಸಾಲದು ಅನ್ನೋದು ನನ್ನ ವಾದ. ಫಿಲ್ಟರ್ ಅಂಚಿನ ದಿಕ್ಕು ನೋಡುತ್ತೆ, ಗರಿಯ ದಿಕ್ಕನ್ನಲ್ಲ. ಎರಡೂ ಒಂದೇ ಆಗಿರೋದು ಹಾರುಗರಿ, ಬಾಲದಲ್ಲಿ ಮಾತ್ರ. ಮಿಂಚುಳ್ಳಿಯ ಕಂದು ತಲೆ ನೋಡಿ. ಅಲ್ಲಿ ಗರಿ ತೀರ ಚಿಕ್ಕವು, ಕೊಕ್ಕಿನ ಬುಡದಿಂದ ಹೊರಟು ನೆತ್ತಿ ಮೇಲೆ ಹಾದು ಕತ್ತಿಗೆ ಇಳೀತವೆ. ಅಲ್ಲಿ ಬೆಳಕು ತಲೆಯ ಗುಂಡಿಗೆ ಅಡ್ಡಲಾಗಿ ಬದಲಾಗೋದ್ರಿಂದ ಫಿಲ್ಟರ್ ಒಮ್ಮೊಮ್ಮೆ ಗರಿಗೆ ಅಡ್ಡವಾಗಿ ಕುಂಚ ಎಳೆದುಬಿಡುತ್ತೆ. ಹಕ್ಕಿ ಗೊತ್ತಿಲ್ಲದವರಿಗೂ ಏನೋ ಸರಿ ಇಲ್ಲ ಅನ್ಸುತ್ತೆ, ಬೆಕ್ಕನ್ನ ಹಿಮ್ಮುಖವಾಗಿ ಸವರಿದ ಹಾಗೆ.

ಅದಕ್ಕೆ ಮದ್ದು ಮಿಕ್ಸರ್ ಬ್ರಶ್. ಮೇಲೊಂದು ಖಾಲಿ ಲೇಯರ್ ಮಾಡಿ, ಸ್ಯಾಂಪಲ್ ಆಲ್ ಲೇಯರ್ಸ್ ಟಿಕ್ ಮಾಡಿ, ಪ್ರತಿ ಸ್ಟ್ರೋಕ್ ಆದ ಮೇಲೆ ಬ್ರಶ್ ತೊಳೆಯೋ ಬಟನ್ ಆನ್ ಇರಲಿ, ಬಣ್ಣ ತುಂಬೋ ಬಟನ್ ಆಫ್ ಇರಲಿ. ವೆಟ್ 50, ಮಿಕ್ಸ್ 80, ಫ್ಲೋ 60. ಚಪ್ಪಟೆ ಬ್ರಿಸಲ್ ಬ್ರಶ್ ತಗೊಳ್ಳಿ. ಅಳತೆ ಬದಲಾಯಿಸ್ತಾ ಹೋಗಬೇಕು: ಹಣೆಗೆ 6–8 ಪಿಕ್ಸೆಲ್, ಉದ್ದ 15 ದಾಟದ ಚಿಕ್ಕ ಚಿಕ್ಕ ತಟ್ಟು, ಕತ್ತಿನ ಹಿಂದೆ 12, ನೀಲಿ ಬೆನ್ನಿಗೆ 20, ರೆಕ್ಕೆ ತುದಿಯ ಹಾರುಗರಿಗೆ 25, ಒಂದು ಗರಿಗೆ ಒಂದೇ ಎಳೆತ, ಬುಡದಿಂದ ತುದಿಗೆ. ತುದಿಯಿಂದ ಬುಡಕ್ಕೆ ಎಳೆದ್ರೆ ಹಿನ್ನೆಲೆಯ ಹಸಿರು ಗರಿಯೊಳಗೆ ಬಂದು ಸೇರುತ್ತೆ. ಪಕ್ಕದ ಗರಿ ಕೆಳಗೆ ಸರಿದು ಹೋಗೋ ಕಪ್ಪು ಸಂದನ್ನ ಮುಟ್ಟಬೇಡಿ, ರೆಕ್ಕೆಗೆ ಆಕಾರ ಕೊಡೋದೇ ಆ ಸಂದು. ಎದೆ, ಹೊಟ್ಟೆಯ ಪುಕ್ಕ ಸಡಿಲ, ಅಲ್ಲಿ ಕೈ ಸಡಿಲ ಬಿಡಬಹುದು.

ಮೌಸಿನಲ್ಲೂ ಆಗುತ್ತೆ, ಪೆನ್ ಟ್ಯಾಬ್ಲೆಟ್ ಇದ್ದರೆ ಒತ್ತಿದಷ್ಟು ಅಗಲ ಬರುತ್ತೆ. ಮಿಂಚುಳ್ಳಿಯಂಥ ಹಕ್ಕಿಗೆ 250–300 ಸ್ಟ್ರೋಕ್ ಸಾಕು. ಪೂರ್ತಿ ಮೈ ಬೇಡ, ಫಿಲ್ಟರ್ ತಪ್ಪಿದ ತಲೆ, ಹೆಗಲು ಮಾತ್ರ.

ಗರಿಗಣಿತ:
ಮಿಂಚುಬಾಲ ಹೇಳಿದ್ದಕ್ಕೆ ಒಂದು ಉಲ್ಟಾ ಉದಾಹರಣೆ, ನವಿಲುಗರಿ. ಅದರ ಕಣ್ಣಿನಲ್ಲಿ ಬಣ್ಣ ಉಂಗುರ ಉಂಗುರವಾಗಿ ಬದಲಾಗೋದ್ರಿಂದ ಕುಂಚವೂ ಉಂಗುರವಾಗೇ ಸುತ್ತುತ್ತೆ, ಕೈ ಹಾಕೋದೇ ಬೇಡ. ಬಣ್ಣದ ಕೊಕ್ಕರೆಯ ಎದೆಯ ಕಪ್ಪು-ಬಿಳಿ ಪಟ್ಟಿ, ಹಾಲಕ್ಕಿಯ ಬಿಳಿ ಚುಕ್ಕೆ ಬೇರೆ ಥರ. ಚುಕ್ಕೆ ಸ್ಟ್ರೋಕಿಗಿಂತ ಚಿಕ್ಕದಾದ್ರೆ ಪಕ್ಕದ ಚುಕ್ಕೆ ಜೊತೆ ಸೇರಿ ಗೀಟಾಗುತ್ತೆ. ಹಾಲಕ್ಕಿ ನೆತ್ತಿಯಲ್ಲಿ ಚುಕ್ಕೆ ಹೋಗಿ ಗೀಟು ಬಂದ್ರೆ ನೋಡಿದವರು ಬೇರೆ ಗೂಬೆ ಅಂದ್ಕೋತಾರೆ. ಹಾಗಾಗಿ ಮೊದಲು 100% ಹಿಗ್ಗಿಸಿ ಆ ಹಕ್ಕಿಯ ಗುರುತಿನ ಅತಿ ಚಿಕ್ಕ ಚುಕ್ಕೆ ಎಷ್ಟು ಪಿಕ್ಸೆಲ್ ಇದೆ ಅಳೆದುಕೊಳ್ಳಿ. ಸ್ಟ್ರೋಕ್ ಅಗಲ ಅದರ ಅರ್ಧ ದಾಟಬಾರದು.

ಗಿಂಪ್‌ಪ್ರಿಯೆ:
ಫೋಟೋಶಾಪ್ ಬಾಡಿಗೆ ಕಟ್ಟದವರಿಗೂ ಏನಾದ್ರೂ ಹೇಳಿ. ಗಿಂಪ್ ಅನ್ನೋ ಉಚಿತ ತಂತ್ರಾಂಶದಲ್ಲಿ ಇದೆಲ್ಲಾ ಸಾಧ್ಯ, ಜೊತೆಗೆ ಜಿಮಿಕ್ ಅನ್ನೋ ಪ್ಲಗಿನ್ ಹಾಕ್ಕೊಂಡ್ರೆ ಆಯಿಲ್ ಪೇಂಟಿಗಿಂತ ಹೆಚ್ಚು ಹಿಡಿತ ಸಿಗುತ್ತೆ. ಫ್ರಾನ್ಸಿನ ಕಾನ್ ಊರಿನ ಗ್ರೇಕ್ ಸಂಶೋಧನಾಲಯದವರು ಮಾಡಿದ್ದು, ಉಚಿತ.

ಹಿನ್ನೆಲೆಗೆ ಅದರ ಆರ್ಟಿಸ್ಟಿಕ್ ಗುಂಪಿನ ಬ್ರಶಿಫೈ. ಇದು ನಿಜಕ್ಕೂ ಒಂದೊಂದೇ ಕುಂಚದ ಗುರುತನ್ನ ಮೇಲೆ ಮೇಲೆ ಇಡುತ್ತೆ, ದೊಡ್ಡದು ಮೊದಲು, ಚಿಕ್ಕದು ಆಮೇಲೆ. ಮ್ಯಾಕ್ಸಿಮಮ್ ಸೈಜ್ 60–64, ಸೈಜುಗಳ ಸಂಖ್ಯೆ 4, ದಿಕ್ಕುಗಳ ಸಂಖ್ಯೆ 12. ಕಾಂಟೂರ್ ಕೊಹೆರೆನ್ಸ್ ಜಾಸ್ತಿ ಮಾಡಿದಷ್ಟೂ ಕುಂಚ ಅಂಚಿಗೆ ಅಂಟಿಕೊಳ್ಳುತ್ತೆ. ಬರೀ ಹಸಿರಿಗೆ ಇದನ್ನ ಕಡಿಮೆ ಇಟ್ಟು, ಪ್ರೈಮರಿ ಆ್ಯಂಗಲ್ ನಿಮಗೆ ಬೇಕಾದ ಕೋನಕ್ಕೆ ಇಟ್ಟರೆ ಹುಳದ ಪ್ರಶ್ನೆಯೇ ಇಲ್ಲ. ಸಮಯ ತಗೊಳ್ಳುತ್ತೆ, ಮೊದಲು ಕಾಲು ಭಾಗ ಅಳತೆಯ ಪ್ರತಿಯಲ್ಲಿ ಪ್ರಯೋಗ ಮಾಡಿ. ಕುಂಚದ ಅಳತೆಯನ್ನೂ ಕಾಲು ಮಾಡೋದು ಮರೀಬೇಡಿ, ಇಲ್ಲಾಂದ್ರೆ ಪ್ರಯೋಗಕ್ಕೂ ಕೊನೆಯ ಚಿತ್ರಕ್ಕೂ ಸಂಬಂಧವೇ ಇರಲ್ಲ.

ಹಕ್ಕಿಗೆ ಬ್ರಶಿಫೈ ಬೇಡ, ಒರಟು. ಸ್ಮೂತ್ ಆ್ಯನಿಸೊಟ್ರೊಪಿಕ್ ಹಾಕಿ: ಆ್ಯಂಪ್ಲಿಟ್ಯೂಡ್ 150, ಶಾರ್ಪ್‌ನೆಸ್ 0.7 ಹಾಗೇ ಇರಲಿ, ಆ್ಯನಿಸೊಟ್ರೊಪಿ 0.85. ಇದು ಗರಿಯ ಉದ್ದಕ್ಕೆ ಮಾತ್ರ ನುಣುಪು ಮಾಡುತ್ತೆ, ಅಡ್ಡಲಾಗಿ ಮಾಡಲ್ಲ. ನೀರುಬಣ್ಣದ ಥರ ಬೇಕಿದ್ದವರಿಗೆ ಇದೇ ಸರಿ. ಗಿಂಪಿನದ್ದೇ ಆಯಿಲಿಫೈ ಕೂಡ ಇದೆ, ಹಕ್ಕಿಗೆ ಅದನ್ನ ಮುಟ್ಟದೇ ಇರೋದೇ ಒಳ್ಳೇದು. ಸುತ್ತಮುತ್ತ ಯಾವ ಬಣ್ಣ ಹೆಚ್ಚು ಇದೆಯೋ ಅದನ್ನ ತುಂಬುತ್ತೆ ಅಷ್ಟೇ, ದಿಕ್ಕಿಲ್ಲ, ಮಳೆ ಬಿದ್ದ ಗಾಜಿನಲ್ಲಿ ನೋಡಿದ ಹಾಗೆ ಕಲೆ ಕಲೆ ಆಗುತ್ತೆ.

ಕಡಲಕಾಗೆ:
ಕುವಾಹಾರ ಅನ್ನುವ ಫಿಲ್ಟರ್ ಹೇಗೆ? 3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶದಲ್ಲೂ ಈಗ ಬಂದಿದೆ. ಒಂದು ಮೆಟ್ಟುಗಾಲು ಹಕ್ಕಿಗೆ ಹಾಕಿದ್ರೆ ನೀರು, ಮೈ ಎಲ್ಲ ಚಂದ ಬಂತು, ಕಾಲೇ ಇಲ್ಲ!

ಗರಿಗಣಿತ:
ಕಾಲು ಹೋಗಲೇಬೇಕು, ಅದರ ಲೆಕ್ಕವೇ ಹಾಗೆ. ಕುವಾಹಾರ ಹುಟ್ಟಿದ್ದೇ ಚಿತ್ರಕಲೆಗಲ್ಲ. 1976ರಲ್ಲಿ ಜಪಾನಿನಲ್ಲಿ ಹೃದಯದ ವೈದ್ಯಕೀಯ ಚಿತ್ರಗಳ ನಾಯ್ಸ್ ತೆಗೆಯೋಕೆ ಮಾಡಿದ್ದು. ಪ್ರತಿ ಪಿಕ್ಸೆಲ್ ಸುತ್ತ ನಾಲ್ಕು ಚೌಕ ಹಾಕುತ್ತೆ, ಯಾವ ಚೌಕದಲ್ಲಿ ಬಣ್ಣದ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣವನ್ನ ಆ ಪಿಕ್ಸೆಲ್ಲಿಗೆ ಕೊಡುತ್ತೆ. ಅಂಚು ಚೂಪಾಗಿ ಉಳಿದು ಒಳಗೆಲ್ಲ ಸಪಾಟಾಗೋದು ಇದರಿಂದಲೇ.

ಈಗ ನಿಮ್ಮ ಹಕ್ಕಿಯ ಕಾಲು 6 ಪಿಕ್ಸೆಲ್ ಅಗಲ, ತ್ರಿಜ್ಯ 8 ಅಂದ್ಕೊಳ್ಳಿ. ಒಂದೊಂದು ಚೌಕ 9 ಪಿಕ್ಸೆಲ್ ಅಗಲ. ಕಾಲಿನ ನಟ್ಟನಡುವೆ ನಿಂತು ನೋಡಿದ್ರೂ ಎಡದ ಚೌಕದಲ್ಲಿ ಕಾಲು ಮೂರು ಪಾಲು, ನೀರು ಆರು ಪಾಲು. ಬಲದ್ದೂ ಅಷ್ಟೇ. ಯಾವ ಚೌಕ ಆರಿಸಿದ್ರೂ ಸರಾಸರಿ ನೀರಿನ ಕಡೆಗೇ ವಾಲುತ್ತೆ. ಕಾಲು ಉಳೀಬೇಕಾದ್ರೆ ತ್ರಿಜ್ಯ ಕಾಲಿನ ಅಗಲದ ಅರ್ಧಕ್ಕಿಂತ ಕಮ್ಮಿ ಇರಬೇಕು, ಅಂದ್ರೆ ಇಲ್ಲಿ 2. ಇಲ್ಲದಿದ್ರೆ ಕಾಲು, ಕೊಕ್ಕಿನ ತುದಿ, ರಾಜಹಕ್ಕಿಯ ಉದ್ದ ಬಾಲ ಇವುಗಳನ್ನ ಮಾಸ್ಕಿನಿಂದ ಕಾಪಾಡಿಕೊಳ್ಳಿ. ಬ್ಲೆಂಡರ್ 4.0ರ ಕಂಪೋಸಿಟರ್‌ನಲ್ಲಿ ಕ್ಲಾಸಿಕ್, ಆ್ಯನಿಸೊಟ್ರೊಪಿಕ್ ಎರಡೂ ಇದೆ. ಎರಡನೇದು ಚೌಕದ ಬದಲು ಅಂಚಿನ ದಿಕ್ಕಿಗೆ ಹಿಗ್ಗೋ ಅಂಡಾಕಾರ ಬಳಸುತ್ತೆ. ಹಕ್ಕಿಗೆ ಅದೇ ಲೇಸು, ಕಾಲೂ ತಕ್ಕಮಟ್ಟಿಗೆ ಉಳಿಯುತ್ತೆ.

ಮರಕುಟಿಗ42:
ಇಷ್ಟೆಲ್ಲಾ ಯಾಕೆ? ಫೋನ್ ಆ್ಯಪಿನಲ್ಲಿ ಎಐ ಪೇಂಟಿಂಗ್ ಅಂತ ಒತ್ತಿದ್ರೆ ಹತ್ತು ಸೆಕೆಂಡಿನಲ್ಲಿ ಬರುತ್ತಲ್ಲ. ಸ್ವಲ್ಪ ಔಟ್ ಆಫ್ ಫೋಕಸ್ ಆಗಿರೋ ಹಕ್ಕಿನೂ ಚೂಪಾಗಿ ಬರುತ್ತೆ.

ಮಿಂಚುಬಾಲ:
ಬರುತ್ತೆ, ನಿಮ್ಮ ಹಕ್ಕಿ ಬರಲ್ಲ. 2016ರ ಪ್ರಿಸ್ಮಾದಂಥ ಸ್ಟೈಲ್ ಆ್ಯಪುಗಳು ನಿಮ್ಮ ಫೋಟೋದ ಆಕಾರದ ಮೇಲೆ ಬೇರೆ ಚಿತ್ರದ ಕುಂಚಗಾರಿಕೆ ಹೊದಿಸ್ತಿದ್ವು. ಈಗಿನ ಎಷ್ಟೋ ಆ್ಯಪುಗಳು ನಿಮ್ಮ ಫೋಟೋವನ್ನ ಸುಳಿವು ಅಂತ ಇಟ್ಕೊಂಡು ಹಕ್ಕಿಯನ್ನ ಹೊಸದಾಗಿ ಬರೀತವೆ. ಹತ್ತಿರದಿಂದ ನೋಡಿ: ಹಾರುಗರಿ ಎಣಿಸಿ, ಎಡ ರೆಕ್ಕೆಗೂ ಬಲ ರೆಕ್ಕೆಗೂ ತಾಳೆ ಆಗಲ್ಲ. ಕೊಂಬೆ ಹಿಡಿದ ಬೆರಳು ನೋಡಿ. ಮಿಂಚುಳ್ಳಿಗೆ ಮುಂದಿನ ಬೆರಳುಗಳು ಬುಡದಲ್ಲಿ ಕೂಡಿಕೊಂಡಿರ್ತವೆ, ಆ್ಯಪ್ ಗುಬ್ಬಿಯ ಕಾಲು ಅಂಟಿಸಿರುತ್ತೆ. ಉಲಿಯಕ್ಕಿಗೆ ಇಲ್ಲದ ರೆಕ್ಕೆಪಟ್ಟಿ ಬರುತ್ತೆ. ಗೋಡೆಗೆ ಹಾಕೋಕೆ ಯಾರೂ ಬೇಡ ಅನ್ನಲ್ಲ, ಅದರ ಕೆಳಗೆ ಹಕ್ಕಿಯ ಹೆಸರು ಬರೀಬೇಡಿ ಅಷ್ಟೇ.

ಫೋಕಸ್ ತಪ್ಪಿದ ಫೋಟೋ ವಿಷಯ: ಮೈ ಸ್ವಲ್ಪ ಮೆದುವಾಗಿದ್ದು ಕಣ್ಣು ಚೂಪಾಗಿದ್ರೆ ಫಿಲ್ಟರ್ ಕಾಪಾಡುತ್ತೆ. ನಾಯ್ಸ್ ಜಾಸ್ತಿ ಇದ್ರೂ ಸರಿ. ಕಣ್ಣೇ ಮಸುಕಾಗಿದ್ರೆ, ಕೈ ಅಲುಗಿ ಎರಡು ಕೊಕ್ಕು ಬಂದಿದ್ರೆ, ಕುಂಚ ಆ ಎರಡು ಕೊಕ್ಕನ್ನೂ ನಿಷ್ಠೆಯಿಂದ ಬರೆದುಕೊಡುತ್ತೆ.

ಬಿಳಿಕೊಕ್ಕರೆ:
ಈ ಮಾತು ಬಂತಲ್ಲ, ಸ್ಪರ್ಧೆಗೆ ಕಳಿಸೋರಿಗೆ ಒಂದು ಎಚ್ಚರಿಕೆ. ಪಿಎಸ್‌ಎ, ಫಿಯಾಪ್ ಅನ್ನೋ ಫೋಟೋಗ್ರಫಿ ಸಂಸ್ಥೆಗಳ ನಿಯಮದ ಸಲಾನ್‌ಗಳ, ಅಂದ್ರೆ ಫೋಟೋ ಸ್ಪರ್ಧೆಗಳ, ನೇಚರ್ ವಿಭಾಗಕ್ಕೆ ಇದು ಯಾವುದೂ ನಡೆಯಲ್ಲ. ಅಲ್ಲಿ ಕ್ರಾಪ್ ಬಿಟ್ಟು ಬೇರೆ ರೀತಿಯಲ್ಲಿ ಏನನ್ನೂ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ, ಮಾಡಿದ ತಿದ್ದುಪಡಿಯೂ ಸಹಜವಾಗಿ ಕಾಣಬೇಕು. ನಾವು ಮಾಡಿರೋ ಹಿನ್ನೆಲೆ ಬದಲಾವಣೆಯೊಂದೇ ಸಾಕು ಹೊರಗೆ ಹಾಕೋಕೆ. ಓಪನ್ ಅಥವಾ ಕ್ರಿಯೇಟಿವ್ ವಿಭಾಗ ಇದ್ದರೆ ಅಲ್ಲಿಗೆ. ಇಬರ್ಡ್, ಐನ್ಯಾಚುರಲಿಸ್ಟ್ ಥರ ಕಂಡ ಹಕ್ಕಿ ದಾಖಲಿಸೋ ತಾಣಗಳಿಗೆ ಮೂಲ ಫೋಟೋ ಮಾತ್ರ. ಅಲ್ಲಿನ ಚಿತ್ರ ಗುರುತಿಗೆ ದಾಖಲೆ. ಫೈಲ್ ಹೆಸರಿನ ಕೊನೆಗೆ "ಚಿತ್ರ" ಅಂತ ಸೇರಿಸಿಟ್ರೆ ತಪ್ಪಿ ಅಪ್‌ಲೋಡ್ ಆಗೋದು ತಪ್ಪುತ್ತೆ.

ಇನ್ನೊಂದು, ಸುಮ್ಮನೆ ಹೇಳ್ತೀನಿ. 1777ರಿಂದ 1782ರವರೆಗೆ ಕಲ್ಕತ್ತದಲ್ಲಿ ಅಲ್ಲಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಲೈಜಾ ಇಂಪಿ ದಂಪತಿಗೆ ಶೇಖ್ ಜೈನುದ್ದೀನ್ ಮತ್ತಿಬ್ಬರು ಕಲಾವಿದರು ಬರೆದ ಹಕ್ಕಿ ಚಿತ್ರಗಳಿವೆ. ಹಿನ್ನೆಲೆ ಹೆಚ್ಚಾಗಿ ಖಾಲಿ ಬಿಳಿ ಕಾಗದ, ಒಂದು ಕೊಂಬೆ, ಹಕ್ಕಿಯಲ್ಲಿ ಮಾತ್ರ ಗರಿ ಗರಿಯ ಕೆಲಸ. ಹಿನ್ನೆಲೆಗೆ ಎಷ್ಟು ಕುಂಚ ಬೇಕು ಅಂತ ಗೊಂದಲ ಆದಾಗ ಅವನ್ನ ತೆಗೆದು ನೋಡಿ. ನಮ್ಮ ಸ್ಲೈಡರ್ ಮಾಡೋದು ಇದರ ಉಲ್ಟಾ, ಎಲ್ಲಾ ಕಡೆ ಒಂದೇ ಸಮ ಬಳಿಯುತ್ತೆ.

ಕ್ಯಾನ್ವಾಸ್_ಹುಬ್ಬಳ್ಳಿ:
ಪ್ರಿಂಟಿನ ಮಾತು ಯಾರೂ ಪೂರ್ತಿ ಹೇಳಿಲ್ಲ ನೋಡ್ರಿ. ಚೌಕಟ್ಟಿನ ಕಟ್ಟಿಗಿಗೆ ಕ್ಯಾನ್ವಾಸ್ ಮಡಚಿ ಹೊಡಿಯೂದಿದ್ರ 18×12 ಫೈಲ್ ಸಾಲಂಗಿಲ್ಲ. ಕಟ್ಟಿಗಿ ದಪ್ಪ ಒಂದೂವರೆ ಇಂಚು ಇದ್ರ ನಾಲ್ಕೂ ಕಡೆ ಎರಡೆರಡು ಇಂಚು ಹೆಚ್ಚಿಗಿ ಬೇಕು. 22×16, ಅಂದ್ರ 4400×3200 ಪಿಕ್ಸೆಲ್. ಹಿನ್ನೆಲಿ ಹೆಂಗೂ ಬ್ಯಾರೆ ಲೇಯರ್ ಐತಿ, ಫಿಲ್ಟರ್ ಹಾಕೂಕಿಂತ ಮೊದಲ ಕ್ಯಾನ್ವಾಸ್ ಸೈಜ್ ದೊಡ್ಡದು ಮಾಡಿ ಹಸಿರು ತುಂಬ್ರಿ. ಹಕ್ಕಿ ಬಾಲ, ಕೊಕ್ಕು ಆ ಎರಡು ಇಂಚಿನೊಳಗ ಹೋಗಬಾರದು, ಮಡಚಿದ ಮ್ಯಾಲ ಗ್ವಾಡಿ ಕಡೆ ತಿರುಗತಾವ.

ಎರಡನೇದು ಶೈನ್. ಕ್ಯಾನ್ವಾಸಿಗೆ ತನ್ನದೇ ನೇಯ್ಗಿ ಐತಿ. ಫೈಲಿನ್ಯಾಗ ಬ್ರಿಸಲ್ ಗೀಟು, ಹೊಳಪು, ಎಂಬಾಸ್ ಎಲ್ಲಾ ತುಂಬಿ ಕಳಿಸಿದ್ರ ಎರಡು ನೇಯ್ಗಿ ಒಂದರ ಮ್ಯಾಲೊಂದು ಬಿದ್ದು ಹೊಲಸು ಕಾಣತದ. ಕ್ಯಾನ್ವಾಸಿಗೆ ಲೈಟಿಂಗ್ ಪೂರಾ ಆಫ್, ಸಪಾಟ ಕಾಗದಕ್ಕಾದ್ರ ಇರಲಿ. ಇಟ್ರ ಬೆಳಕಿನ ಕೋನ ಫೋಟೋದ ಬಿಸಿಲಿಗೆ ಹೊಂದಬೇಕು: ಹಕ್ಕಿ ಮ್ಯಾಲ ಬಿಸಿಲು ಬಲಕ್ಕಿಂದ, ಬಣ್ಣದ ದಪ್ಪಕ್ಕ ಬೆಳಕು ಎಡಕ್ಕಿಂದ ಅಂದ್ರ ಕಣ್ಣು ಒಪ್ಪಂಗಿಲ್ಲ.

ಮಿಂಚುಳ್ಳಿ ಬೆನ್ನಿನ ನೀಲಿ ಸ್ಕ್ರೀನಿನ್ಯಾಗ ಉರಿತದ, ಮ್ಯಾಟ್ ಕ್ಯಾನ್ವಾಸಿನ್ಯಾಗ ಅಷ್ಟು ಬರಂಗಿಲ್ಲ. ಪ್ರಿಂಟ್ ಲ್ಯಾಬಿನವರ ಕಡಿಂದ ಬಣ್ಣದ ಪ್ರೊಫೈಲ್ ಇಸಕೊಂಡು ಸಾಫ್ಟ್ ಪ್ರೂಫ್, ಅಂದ್ರ ಪ್ರಿಂಟಿನ ಬಣ್ಣ ಹೆಂಗ ಬರತದ ಅಂತ ಸ್ಕ್ರೀನಿನ್ಯಾಗ, ನೋಡ್ರಿ. ನೀಲಿ ಸ್ಯಾಚುರೇಶನ್ ಏರಿಸಿದ್ರ ಗರಿಯ ಗೀಟೆಲ್ಲ ಒಂದ ಬಣ್ಣ ಆಗಿ ಮುಚ್ಚಿಹೋಗತಾವ. ಅದರ ಬದಲಿ ಹಿನ್ನೆಲಿ ಹಸಿರಿನ ಸ್ಯಾಚುರೇಶನ್ 15–20 ಇಳಸ್ರಿ, ನೀಲಿ ತಾನ ಎದ್ದು ಕಾಣತದ.

ಕೆರೆಯಂಗಳ:
ಕಟ್ಟಿಗೆ ಮಡಿಕೆ ಲೆಕ್ಕ ತಲೇಲೇ ಇರಲಿಲ್ಲ ಸರ್, 4400×3200 ಮಾಡಿಕೊಂಡೆ. ಹಿನ್ನೆಲೆ ಮತ್ತೆ ಫಿಲ್ಟರ್ ಮಾಡಿದಾಗ ಸ್ಟ್ರೋಕ್ ಇನ್ನೂ ಸಣ್ಣ ಅನ್ನಿಸ್ತಿದೆ, ಸ್ಟೈಲೈಸೇಶನ್ 10 ಇಟ್ಟರೂ. ಸ್ಕ್ರೀನಿನಲ್ಲಿ ಪೂರ್ತಿ ಚಿತ್ರ ನೋಡಿದ್ರೆ ಫಿಲ್ಟರ್ ಹಾಕಿದ್ದೇ ಗೊತ್ತಾಗಲ್ಲ. ಜಾಸ್ತಿ ಮಾಡೋ ದಾರಿ ಇದೆಯಾ?

ಗರಿಗಣಿತ:
ಮೊದಲು ಸರಿಯಾದ ಅಳತೆಯಲ್ಲಿ ನೋಡಿ. 24 ಇಂಚಿನ ಮಾಮೂಲಿ 1080 ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ನಿಮ್ಮ ಪ್ರಿಂಟ್ 200. ಹಾಗಾಗಿ 46%ಗೆ ಜೂಮ್ ಇಟ್ಟರೆ ಗೋಡೆ ಮೇಲೆ ಎಷ್ಟು ದೊಡ್ಡದು ಕಾಣುತ್ತೋ ಅಷ್ಟೇ ಕಾಣುತ್ತೆ. ಫಿಟ್ ಟು ಸ್ಕ್ರೀನ್ ನೋಡಿ ಸ್ಟ್ರೋಕ್ ನಿರ್ಧಾರ ಮಾಡಬೇಡಿ.

ಅಲ್ಲೂ ಸಣ್ಣ ಅನ್ನಿಸಿದ್ರೆ ಹಿನ್ನೆಲೆಯನ್ನ ಬೇರೆ ಫೈಲಿಗೆ ತೆಗೆದು ಅರ್ಧಕ್ಕೆ, 2200×1600ಕ್ಕೆ ಇಳಿಸಿ ಫಿಲ್ಟರ್ ಹಾಕಿ. ಬ್ಲರ್ ಕೂಡ ಅರ್ಧ, 3–4 ಪಿಕ್ಸೆಲ್ ಸಾಕು. ಆಮೇಲೆ ಎರಡು ಪಟ್ಟು ಹಿಗ್ಗಿಸಿ ವಾಪಸ್ ತನ್ನಿ, ಸ್ಟ್ರೋಕ್ ಎರಡು ಪಟ್ಟು ದಪ್ಪ ಆಗಿರುತ್ತೆ. ಅಂಚು ಒಂಚೂರು ಮೆದುವಾಗುತ್ತೆ, ಹಿನ್ನೆಲೆಗೆ ಅದು ಒಳ್ಳೇದೇ. ಹಕ್ಕಿಗೆ ಈ ಉಪಾಯ ಬೇಡ.

ಮಿಂಚುಬಾಲ:
ಜೊತೆಗೆ ಕೊಂಬೆ ಕಡೆ ಒಮ್ಮೆ ನೋಡಿ. ಹಿನ್ನೆಲೆ ದಪ್ಪ, ಹಕ್ಕಿ ನಯ ಆದಾಗ ಕೊಂಬೆ ಎರಡಕ್ಕೂ ಸೇರದೆ ಕತ್ತರಿಸಿ ಅಂಟಿಸಿದ ಹಾಗೆ ನಿಲ್ಲುತ್ತೆ. ಕೊಂಬೆಗೆ ಸ್ಟೈಲೈಸೇಶನ್ 5, ಸ್ಕೇಲ್ 1.5 ಹೀಗೆ ನಡುವಿನ ಅಳತೆ ಕೊಡಿ. ಹಕ್ಕಿಯ ಕಾಲಿನಿಂದ ದೂರ ಹೋದಷ್ಟೂ ಹಿನ್ನೆಲೆಯ ಸ್ಟ್ರೋಕಿಗೆ ಕರಗೋ ಹಾಗೆ ಮಾಸ್ಕಿನಲ್ಲಿ 200 ಪಿಕ್ಸೆಲಿನ ಮೆದು ಬ್ರಶ್, 20% ಅಪಾಸಿಟಿಯಲ್ಲಿ ನಾಲ್ಕೈದು ಸಲ ಸವರಿ. ಹಿನ್ನೆಲೆ ಲೇಯರಿನಲ್ಲಿ ಕೊಂಬೆಯನ್ನೂ ತೆಗೆದುಬಿಟ್ಟಿರೋದ್ರಿಂದ ಕರಗಿದ ಕಡೆ ಬರೀ ಹಸಿರು ಕಾಣುತ್ತೆ, ಕೊಂಬೆ ಗಾಳಿಯಲ್ಲಿ ಮುರಿದು ನಿಂತ ಹಾಗೆ. ಹಾಗಾಗಿ ಕೊಂಬೆಯ ತುದಿ ಚೌಕಟ್ಟು ಮುಟ್ಟೋ ಜಾಗದಲ್ಲಿ ಮಿಕ್ಸರ್ ಬ್ರಶ್ಶಿನಲ್ಲಿ ಕಂದು ಬಣ್ಣದ ನಾಲ್ಕು ಎಳೆತ ಕೊಟ್ಟು ಅಂಚಿನಾಚೆಯ ಎರಡು ಇಂಚಿಗೂ ಒಯ್ದುಬಿಡಿ. ಮಡಚಿದಾಗ ಕೊಂಬೆ ಪಕ್ಕಕ್ಕೂ ತಿರುಗಿಕೊಂಡು ಹೋಗುತ್ತೆ.

ಕ್ಯಾನ್ವಾಸ್_ಹುಬ್ಬಳ್ಳಿ:
ಮತ್ತ ಪೂರಾ ಪ್ರಿಂಟ್ ಕೊಡೂಕಿಂತ ಮೊದಲ ಕಣ್ಣು, ಹೆಗಲು, ಒಂದಿಷ್ಟು ಹಿನ್ನೆಲಿ ಸೇರೂವಂಗ 6×4 ಇಂಚಿನ ತುಂಡು ಕತ್ತರಿಸಿ ಅದ ಕ್ಯಾನ್ವಾಸಿನ ಮ್ಯಾಲ ಹೊಡಸ್ರಿ. ಸಣ್ಣದು ಮಾಡಿ ಅಲ್ಲ, ಇದ್ದ ಅಳತಿಯಲ್ಲೇ, 1200×800 ಪಿಕ್ಸೆಲ್ ತುಂಡು. ಅದನ್ನ ಆರು ಫೂಟ್ ದೂರ ಇಟ್ಟು ನೋಡ್ರಿ. ಕಣ್ಣಿನ ಹೊಳಪು ಅಷ್ಟು ದೂರಕ್ಕ ಕಾಣಲಿಲ್ಲ ಅಂದ್ರ ಫೈಲಿನ್ಯಾಗ ಆ ಬಿಳಿ ಚುಕ್ಕಿ ಎರಡು ಪಿಕ್ಸೆಲ್ ದೊಡ್ಡದು ಮಾಡಿ ಮತ್ತ ಕಳಸ್ರಿ.